ನೀರು, ಬೆಳಕು ಮತ್ತು ವಿದ್ಯುತ್ ಖರೀದಿ: ಸ್ಥಳೀಯ ಸಂಸ್ಥೆಗಳು ಇಂಗಾಲರಹಿತ ವಿದ್ಯುತ್ತನ್ನು ಪಡೆಯುವ ಮಾರ್ಗಗಳು

ಪೀಠಿಕೆ

ಕರ್ನಾಟಕದ ವಿದ್ಯುತ್ ಚರಿತ್ರೆ ಸಾಮಾನ್ಯವಾಗಿ 1902ರ ಶಿವನಸಮುದ್ರದಿಂದ ಆರಂಭವಾಗುತ್ತದೆ. ಕಾವೇರಿಯ ಜಲಪಾತದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಅದಕ್ಕೂ ಮೊದಲೇ, 19ನೆಯ ಶತಮಾನದ ಕೊನೆಯ ದಶಕದಲ್ಲಿ, ಹೆಸರಘಟ್ಟದ ಕೆರೆಯ ನೀರನ್ನು ಸೋಲದೇವನಹಳ್ಳಿಯ ಉಗಿಯಂತ್ರಗಳ ಮೂಲಕ ಎತ್ತಿ ನಗರಕ್ಕೆ ಒದಗಿಸುವ ವ್ಯವಸ್ಥೆ ಸಿದ್ಧವಾಗಿತ್ತು. ಹೀಗೆ ನಗರಾಡಳಿತದ ಎರಡು ಮೂಲ ಕರ್ತವ್ಯಗಳ ಪೈಕಿ ಬೆಳಕು ಜಲಶಕ್ತಿಯಿಂದಲೂ ನೀರು ಉಗಿಶಕ್ತಿಯಿಂದಲೂ ನಡೆಯುತ್ತಿದ್ದ ಕಾಲವೊಂದಿತ್ತು. ಶತಮಾನ ಕಳೆದ ಮೇಲೂ ಈ ಎರಡು ಕರ್ತವ್ಯಗಳೇ ನಮ್ಮ ಪಂಚಾಯತಿ, ಪುರಸಭೆ, ನಗರಸಭೆಗಳ ವಿದ್ಯುತ್ ವೆಚ್ಚದ ಬಹುಪಾಲನ್ನು ಆಕ್ರಮಿಸಿಕೊಂಡಿವೆ. ಕುಡಿಯುವ ನೀರು ಮತ್ತು ಬೀದಿದೀಪ ಸ್ಥಾವರಗಳ ಬಾಕಿಯು ಎಸ್ಕಾಂಗಳ ಲೆಕ್ಕಪತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತ ಬಂದಿರುವ ಬಾಬ್ತಾಗಿದೆ.

ಈ ಹಿನ್ನೆಲೆಯಲ್ಲಿ ಸ್ಥಳೀಯ ಸಂಸ್ಥೆಯೊಂದು ನವೀಕರಿಸಬಹುದಾದ ಅಥವಾ ಇಂಗಾಲರಹಿತ ವಿದ್ಯುತ್ತನ್ನು ತಾನೇ ಪಡೆಯಲು ಸಾಧ್ಯವೇ, ಸಾಧ್ಯವಾದರೆ ಯಾವ ಮಾರ್ಗಗಳಿಂದ ಎಂಬುದು ಕೇವಲ ಪರಿಸರದ ಪ್ರಶ್ನೆಯಲ್ಲ. ಅದು ಸ್ಥಳೀಯ ಹಣಕಾಸಿನ ಪ್ರಶ್ನೆಯೂ ಹೌದು. ಪ್ರಸ್ತುತ ಲೇಖನದಲ್ಲಿ ಲಭ್ಯವಿರುವ ಮಾರ್ಗಗಳನ್ನು ವಿವರಿಸಿ, ಅವುಗಳ ಗುಣದೋಷಗಳನ್ನು ನೀರು ಮತ್ತು ಬೆಳಕು ಎಂಬ ಎರಡು ಬೇಡಿಕೆಗಳ ಒರೆಗೆ ಹಚ್ಚಿ ನೋಡಲು ಯತ್ನಿಸಲಾಗಿದೆ. ವಿದ್ಯುತ್ತನ್ನು ಯಾರಿಂದ, ಯಾವ ದರಕ್ಕೆ ಕೊಳ್ಳಬೇಕು ಎಂಬುದರಷ್ಟೇ, ಅದು ದಿನದ ಯಾವ ಗಳಿಗೆಯಲ್ಲಿ ಒದಗುತ್ತದೆ ಎಂಬುದೂ ಮುಖ್ಯ ಎನ್ನುವುದು ಇಲ್ಲಿನ ಪ್ರತಿಪಾದನೆ.

ನವೀಕರಿಸಬಹುದಾದದ್ದು ಮತ್ತು ಇಂಗಾಲರಹಿತವಾದದ್ದು

ಈ ಎರಡು ಪದಗಳನ್ನು ಸಮಾನಾರ್ಥಕವಾಗಿ ಬಳಸುವ ರೂಢಿಯಿದೆ. ಆದರೆ ಟೆಂಡರು ಕಾಗದದಲ್ಲಿ ಇವುಗಳ ನಡುವಣ ಅಂತರ ಮಹತ್ವದ್ದು. ಸೂರ್ಯ, ಗಾಳಿ, ನೀರುಗಳಿಂದ ಬರುವ ವಿದ್ಯುತ್ತು ಎರಡೂ ವರ್ಗಗಳಿಗೆ ಸೇರುತ್ತದೆ. ಕೃಷಿ ತ್ಯಾಜ್ಯವನ್ನು ಉರಿಸಿ ಪಡೆಯುವ ವಿದ್ಯುತ್ತು ನವೀಕರಿಸಬಹುದಾದದ್ದು. ಆದರೆ ಅದರ ಚಿಮಣಿಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಮುಂದಿನ ಬೆಳೆ ಅದನ್ನು ಮರಳಿ ಹೀರುತ್ತದೆಂಬ ಆಧಾರದ ಮೇಲೆ ಅದಕ್ಕೆ ಮಾನ್ಯತೆ ದೊರೆತಿದೆ. ಕೈಗಾದ ನಾಲ್ಕು ಘಟಕಗಳ 880 ಮೆಗಾವಾಟ್ ಪರಮಾಣು ಸ್ಥಾವರದ ಉತ್ಪಾದನೆಯಾದರೋ ಇಂಗಾಲರಹಿತ; ಆದರೆ ನವೀಕರಿಸಬಹುದಾದದ್ದಲ್ಲ. 25 ಮೆಗಾವಾಟಿಗಿಂತ ದೊಡ್ಡ ಜಲವಿದ್ಯುತ್ ಯೋಜನೆಗಳನ್ನು ಭಾರತ ಸರ್ಕಾರ ನವೀಕರಿಸಬಹುದಾದ ಇಂಧನವೆಂದು ಪರಿಗಣಿಸಿದ್ದು 2019ರ ಮಾರ್ಚಿಯಲ್ಲಿ ಮಾತ್ರ. ಆದ್ದರಿಂದ ನಿರ್ಣಯವನ್ನು ಅಂಗೀಕರಿಸುವ ಸಭೆಯು ತಾನು ಕೊಳ್ಳಬಯಸುವುದು ಯಾವುದೆಂಬುದನ್ನು ಮೊದಲಿಗೇ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಕಾನೂನಿನ ಚೌಕಟ್ಟು

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಈ ವಿಷಯಕ್ಕೆ ತಳಹದಿಯನ್ನು ಒದಗಿಸಿವೆ. ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರು, ಗ್ರಾಮೀಣ ವಿದ್ಯುದೀಕರಣ ಹಾಗೂ ಅಸಾಂಪ್ರದಾಯಿಕ ಇಂಧನ ಮೂಲಗಳೂ, ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜು ಮತ್ತು ಬೀದಿದೀಪಗಳೂ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಾಗಿ ಸೇರಿವೆ. ಆದರೆ ವಿದ್ಯುತ್ ವಿತರಣೆಯ ಪರವಾನಗಿಯು ಬಹುತೇಕ ಎಲ್ಲೆಡೆ ರಾಜ್ಯಮಟ್ಟದ ಕಂಪನಿಗಳ ಕೈಯಲ್ಲಿದೆ. ಮುಂಬಯಿಯ ಬೆಸ್ಟ್, ನವದೆಹಲಿ ಪುರಸಭಾ ಮಂಡಳಿ, ಕೇರಳದ ತ್ರಿಶ್ಶೂರು ಮಹಾನಗರಪಾಲಿಕೆಗಳಂತೆ ಸ್ವತಃ ವಿತರಣೆ ಮಾಡುವ ನಗರಾಡಳಿತಗಳು ವಿರಳ. ನಮ್ಮ ರಾಜ್ಯದಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಳೀಯ ವಿತರಣೆಗೆ ಉದಾಹರಣೆಯಾಗಿದ್ದರೂ ಅದು ಸಹಕಾರಿ ಸಂಸ್ಥೆಯೇ ಹೊರತು ಪುರಸಭೆಯಲ್ಲ.

ಅಮೆರಿಕದಲ್ಲಿ ಇದಕ್ಕಿಂತ ಭಿನ್ನವಾದ ಪದ್ಧತಿಯೊಂದು ಬೆಳೆದಿದೆ. ಮ್ಯಾಸಚೂಸೆಟ್ಸ್ 1997ರಲ್ಲಿಯೂ ಕ್ಯಾಲಿಫೋರ್ನಿಯ 2002ರಲ್ಲಿಯೂ ಮಾಡಿದ ಕಾನೂನುಗಳ ಅನ್ವಯ ಅಲ್ಲಿನ ನಗರ ಅಥವಾ ಕೌಂಟಿಯು ತನ್ನ ನಿವಾಸಿಗಳೆಲ್ಲರ ಪರವಾಗಿ ವಿದ್ಯುತ್ತನ್ನು ಕೊಳ್ಳಬಹುದು. ತಂತಿ, ಕಂಬ, ಮೀಟರುಗಳು ಹಳೆಯ ಕಂಪನಿಯ ವಶದಲ್ಲಿಯೇ ಉಳಿಯುತ್ತವೆ. ಬೇಡವೆನ್ನುವ ಗ್ರಾಹಕ ಹೊರಗುಳಿಯಬಹುದು. ಕ್ಯಾಲಿಫೋರ್ನಿಯದಲ್ಲಿ ಮರಿನ್ ಕೌಂಟಿ 2010ರಲ್ಲಿ ಇದನ್ನು ಮೊದಲಿಗೆ ಜಾರಿಗೆ ತಂದಿತು. ಭಾರತದಲ್ಲಿ ಇಂಥ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿಲ್ಲ. ಇಲ್ಲಿ ಪುರಸಭೆಯು ಕೊಳ್ಳಬಹುದಾದದ್ದು ತನ್ನ ಸ್ವಂತ ಬಳಕೆಯ ವಿದ್ಯುತ್ತನ್ನು ಮಾತ್ರ. ಈ ಮಿತಿಯೊಳಗೆ 2003ರ ವಿದ್ಯುಚ್ಛಕ್ತಿ ಅಧಿನಿಯಮವು ಎರಡು ಬಾಗಿಲುಗಳನ್ನು ತೆರೆದಿದೆ: ಒಂದು, 9ನೆಯ ಪ್ರಕರಣದ ಸ್ವಬಳಕೆಯ ಉತ್ಪಾದನೆ, ಇನ್ನೊಂದು, 42ನೆಯ ಪ್ರಕರಣದ ಮುಕ್ತ ಪ್ರವೇಶ, ಅಂದರೆ ಬೇರೊಬ್ಬರ ತಂತಿಯ ಮೇಲೆ ಶುಲ್ಕ ತೆತ್ತು ವಿದ್ಯುತ್ತನ್ನು ಸಾಗಿಸಿಕೊಳ್ಳುವ ಹಕ್ಕು.

ಐದು ಮಾರ್ಗಗಳು

ಮೊದಲನೆಯದು, ತನ್ನ ಕಟ್ಟಡಗಳ ಮತ್ತು ಜಲಶುದ್ಧೀಕರಣ ಘಟಕಗಳ ಮೇಲೆ ಸೌರಫಲಕಗಳನ್ನು ಅಳವಡಿಸುವುದು. ಬಂಡವಾಳವನ್ನು ಸಂಸ್ಥೆಯೇ ಹೂಡಬಹುದು. ಇಲ್ಲವೇ ಖಾಸಗಿಯವರು ಹೂಡಿ, ಉತ್ಪಾದನೆಯಾದ ಯೂನಿಟ್ಟಿಗೆ ಇಂತಿಷ್ಟೆಂದು ದೀರ್ಘಾವಧಿಯವರೆಗೆ ಹಣ ಪಡೆಯಬಹುದು. ವಿದ್ಯುತ್ತು ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಳಕೆಯಾಗುವುದರಿಂದ ಸಾಗಣೆಯ ತಕರಾರಿಲ್ಲ. ಆದರೆ ಚಾವಣಿಯ ವಿಸ್ತಾರವೇ ಇದರ ಮಿತಿ.

ಎರಡನೆಯದು, ದೂರದ ಸ್ಥಳದಲ್ಲಿ ಸ್ವಂತದ ಸ್ಥಾವರವನ್ನು ಹೊಂದುವುದು. 2005ರ ವಿದ್ಯುಚ್ಛಕ್ತಿ ನಿಯಮಗಳ ಪ್ರಕಾರ ಬಳಕೆದಾರರು ಕನಿಷ್ಠ ಶೇ. 26ರಷ್ಟು ಒಡೆತನ ಹೊಂದಿ, ವಾರ್ಷಿಕ ಉತ್ಪಾದನೆಯ ಕನಿಷ್ಠ ಶೇ. 51ರಷ್ಟನ್ನು ತಾವೇ ಬಳಸಿದರೆ ಆ ಸ್ಥಾವರ ಸ್ವಬಳಕೆಯದೆನಿಸುತ್ತದೆ. ಅಡ್ಡ ಸಹಾಯಧನ ಮೇಲ್ತೆರಿಗೆಯಿಂದ ಇದಕ್ಕೆ ಕಾನೂನಿನಲ್ಲಿಯೇ ವಿನಾಯಿತಿಯಿದೆ. ಹೆಚ್ಚುವರಿ ಮೇಲ್ತೆರಿಗೆಯೂ ಸ್ವಬಳಕೆದಾರರಿಗೆ ಅನ್ವಯವಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ.

ಮೂರನೆಯದು, ಮುಕ್ತ ಪ್ರವೇಶದ ಮೂಲಕ ಖಾಸಗಿ ಉತ್ಪಾದಕನಿಂದ ಖರೀದಿ. ಇಲ್ಲಿ ಉತ್ಪಾದಕನು ಹೇಳುವ ದರ ಅಂತಿಮ ದರವಲ್ಲ. ಪ್ರಸರಣ ಶುಲ್ಕ, ವ್ಹೀಲಿಂಗ್ ಶುಲ್ಕ, ಸಾಗಣೆ ನಷ್ಟ, ಬ್ಯಾಂಕಿಂಗ್ ಶುಲ್ಕ ಮತ್ತು ಮೇಲ್ತೆರಿಗೆಗಳನ್ನು ಕೂಡಿಸಿದ ನಂತರವೇ ಎಸ್ಕಾಂ ದರದೊಡನೆ ಹೋಲಿಕೆ ಸಾಧ್ಯ.

ನಾಲ್ಕನೆಯದು, ಎಸ್ಕಾಂನಿಂದಲೇ ಹಸಿರು ದರದಲ್ಲಿ ಕೊಳ್ಳುವುದು. ಸಾಮಾನ್ಯ ದರದ ಮೇಲೆ ಆಯೋಗವು ನಿಗದಿಪಡಿಸಿದ ಹೆಚ್ಚುವರಿ ಮೊತ್ತವನ್ನು ತೆತ್ತರೆ ಅಷ್ಟು ಪ್ರಮಾಣದ ಹಸಿರು ವಿದ್ಯುತ್ತನ್ನು ಗ್ರಾಹಕನ ಹೆಸರಿಗೆ ಲೆಕ್ಕ ಹಾಕಲಾಗುತ್ತದೆ. ಇದು ಸರಳ, ಆದರೆ ಖರ್ಚು ಇಳಿಯುವುದರ ಬದಲು ಏರುತ್ತದೆ.

ಐದನೆಯದು, ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳ ಖರೀದಿ. ಒಂದು ಪ್ರಮಾಣಪತ್ರ ಒಂದು ಸಾವಿರ ಯೂನಿಟ್ಟಿಗೆ ಸಮ. ಭಾರತದಲ್ಲಿ ಇದರ ನಿಯಮಾವಳಿ 2010ರಲ್ಲಿ ರೂಪುಗೊಂಡು 2011ರಲ್ಲಿ ವಹಿವಾಟು ಆರಂಭವಾಯಿತು. ಕಾಗದದ ಮೇಲೆ ಶೇ. 100 ಎಂದು ಸಾರಿಕೊಳ್ಳಲು ಇದು ಅತಿ ಸುಲಭದ ದಾರಿ. ಪುರಸಭೆಯ ಪಂಪಿಗೆ ಬರುವ ವಿದ್ಯುತ್ತಿನಲ್ಲಾಗಲಿ, ಅದರ ಬಿಲ್ಲಿನಲ್ಲಾಗಲಿ ಇದರಿಂದ ಬದಲಾವಣೆ ಆಗುವುದಿಲ್ಲ.

ಮೂರು ನಿದರ್ಶನಗಳು

ತಮಿಳುನಾಡಿನ ಕೊಯಮತ್ತೂರು ಜಿಲ್ಲೆ, ಮೇಟ್ಟುಪಾಳ್ಯದ ಬಳಿಯ ಓಡಂತುರೈ ಗ್ರಾಮ ಪಂಚಾಯತಿಯು 2006ರಲ್ಲಿ 350 ಕಿಲೋವಾಟಿನ ಗಾಳಿಯಂತ್ರವೊಂದನ್ನು ಕೊಂಡಿತು. ಅದರ ಬೆಲೆ ಸುಮಾರು 1.55 ಕೋಟಿ ರೂಪಾಯಿ. ಪಂಚಾಯತಿಯ ಸ್ವಂತ ಉಳಿತಾಯದ ಜೊತೆಗೆ ಬಹುಪಾಲು ಹಣ ಬ್ಯಾಂಕಿನ ಸಾಲದಿಂದ ಬಂದಿತು. ಆಗ ಆರ್. ಷಣ್ಮುಗಂ ಅವರು ಅಲ್ಲಿನ ಅಧ್ಯಕ್ಷರಾಗಿದ್ದರು. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಉತ್ಪಾದನೆಯಲ್ಲಿ ಊರಿನ ಅಗತ್ಯವಾದ ಸುಮಾರು 4.5 ಲಕ್ಷ ಯೂನಿಟ್ಟನ್ನು ಕಳೆದು ಉಳಿದದ್ದನ್ನು ರಾಜ್ಯದ ವಿದ್ಯುತ್ ಮಂಡಳಿಗೆ ಮಾರಿ, ಆ ಆದಾಯದಿಂದ ಸಾಲ ತೀರಿಸಲು ಅವಕಾಶವಾಯಿತು. ಸಾಲ ನೀಡುವ ಬ್ಯಾಂಕು ನಂಬುವಂಥ ಲೆಕ್ಕಪತ್ರ ಪಂಚಾಯತಿಯಲ್ಲಿದ್ದುದು ಇಲ್ಲಿ ಗಮನಾರ್ಹ.

ಎರಡನೆಯ ನಿದರ್ಶನ ಇಂದೋರ್ ಮಹಾನಗರಪಾಲಿಕೆಯದು. ಆ ನಗರಕ್ಕೆ ನರ್ಮದೆಯ ನೀರನ್ನು ಖರಗೋನ್ ಜಿಲ್ಲೆಯ ಜಲೂದ್‌ನಿಂದ ಬಹು ದೂರ, ಬಹು ಎತ್ತರಕ್ಕೆ ಪಂಪು ಮಾಡಿ ತರಬೇಕು. ಈ ಪಂಪುಗಳ ಬಿಲ್ಲನ್ನು ಇಳಿಸಲೆಂದು ಜಲೂದ್‌ನಲ್ಲಿ 60 ಮೆಗಾವಾಟಿನ ಸೌರಸ್ಥಾವರವನ್ನು ಯೋಜಿಸಿ, ಪಾಲಿಕೆಯು 2023ರ ಫೆಬ್ರುವರಿಯಲ್ಲಿ 244 ಕೋಟಿ ರೂಪಾಯಿಗಳ ಹಸಿರು ಬಾಂಡುಗಳನ್ನು ಸಾರ್ವಜನಿಕರಿಗೆ ಮಾರಾಟಕ್ಕಿಟ್ಟಿತು. ವಾರ್ಷಿಕ ಬಡ್ಡಿ ಶೇ. 8.25. ಕೇಳಿದ ಮೊತ್ತದ ಹಲವು ಪಟ್ಟು ಬೇಡಿಕೆ ಬಂದಿತು. ನಗರವೊಂದು ತನ್ನ ಹೆಸರಿನ ಮೇಲೆಯೇ ಹಣ ಎತ್ತಬಹುದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಮಧ್ಯಪ್ರದೇಶದ ರೀವಾ ಸೌರೋದ್ಯಾನ. 750 ಮೆಗಾವಾಟಿನ ಈ ಯೋಜನೆಯ ಹರಾಜು 2017ರ ಫೆಬ್ರುವರಿಯಲ್ಲಿ ನಡೆದಾಗ ಮೊದಲ ವರ್ಷದ ದರ ಯೂನಿಟ್ಟಿಗೆ 2 ರೂ. 97 ಪೈಸೆಗೆ ಇಳಿಯಿತು. ಇದರ ಒಂದು ಪಾಲನ್ನು ದೆಹಲಿ ಮೆಟ್ರೊ ಕೊಂಡಿತು; 2019ರಿಂದ ವಿದ್ಯುತ್ತು ಅಲ್ಲಿಗೆ ಹರಿಯತೊಡಗಿತು. ದೆಹಲಿ ಮೆಟ್ರೊ ಪುರಸಭೆಯಲ್ಲದಿದ್ದರೂ, ಅನ್ಯರಾಜ್ಯದ ಸ್ಥಾವರದಿಂದ ಸಾರ್ವಜನಿಕ ಸಂಸ್ಥೆಯೊಂದು ನೇರವಾಗಿ ಕೊಂಡ ಮಾದರಿಯಿದು. ದರ ಇಳಿಯಲು ಬಿಸಿಲಿನಷ್ಟೇ ಕಾರಣವಾದದ್ದು ಪಾವತಿಯ ಭದ್ರತೆ: ಬ್ಯಾಂಕಿನ ಸಾಖಪತ್ರ, ಪಾವತಿ ಭದ್ರತಾ ನಿಧಿ, ರಾಜ್ಯ ಸರ್ಕಾರದ ಖಾತರಿ ಎಂಬ ಮೂರು ಪದರಗಳನ್ನು ಅಲ್ಲಿ ಕಲ್ಪಿಸಲಾಗಿತ್ತು. ಕೊಳ್ಳುವವನು ಕಾಲಕಾಲಕ್ಕೆ ಹಣ ಕೊಡುತ್ತಾನೆಂಬ ಭರವಸೆಗೂ ಯೂನಿಟ್ಟಿನ ದರಕ್ಕೂ ನೇರ ಸಂಬಂಧವಿದೆ. ಬಾಕಿ ಉಳಿಸಿಕೊಂಡಿರುವ ಪುರಸಭೆಗೆ ಬರುವ ಬಿಡ್ಡಿನಲ್ಲಿ ಆ ಬಾಕಿಯ ನೆರಳು ಬಿದ್ದೇ ಇರುತ್ತದೆ.

ವೇಳೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರಬಹುದು. ಒಂದು ಲಕ್ಷ ಜನಸಂಖ್ಯೆಯ ಪಟ್ಟಣವೊಂದನ್ನು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಳ್ಳೋಣ. ತಲಾ 100 ಲೀಟರಿನಂತೆ ದಿನಕ್ಕೆ ಒಂದು ಕೋಟಿ ಲೀಟರ್ ನೀರು ಬೇಕು. ಕೊಳವೆಯ ಘರ್ಷಣೆಯನ್ನೂ ಸೇರಿಸಿ ಅದನ್ನು ಒಟ್ಟು 100 ಮೀಟರ್ ಎತ್ತಬೇಕೆಂದಿರಲಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಂತೆ 0.27 ಯೂನಿಟ್ ಸಾಕು; ಪಂಪು ಮತ್ತು ಮೋಟರಿನ ಒಟ್ಟು ದಕ್ಷತೆ ಶೇ. 70 ಎಂದರೆ ಸುಮಾರು 0.39 ಯೂನಿಟ್ ಬೇಕಾಗುತ್ತದೆ. ಹೀಗೆ ದಿನಕ್ಕೆ 3,900 ಯೂನಿಟ್, ವರ್ಷಕ್ಕೆ ಸುಮಾರು 14 ಲಕ್ಷ ಯೂನಿಟ್. ನಮ್ಮ ಬಯಲುಸೀಮೆಯಲ್ಲಿ ಒಂದು ಮೆಗಾವಾಟಿನ ಸೌರಸ್ಥಾವರ ವರ್ಷಕ್ಕೆ ಸರಿಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ವಾರ್ಷಿಕ ಲೆಕ್ಕದಲ್ಲಿ ಈ ಪಟ್ಟಣದ ನೀರು ಶೇ. 100ರಷ್ಟು ಸೌರಶಕ್ತಿಯಿಂದ ಬಂದಂತಾಯಿತು.

ಆದರೆ ಗಂಟೆಯ ಲೆಕ್ಕ ಬೇರೆಯೇ ಚಿತ್ರವನ್ನು ಕೊಡುತ್ತದೆ. ಪಂಪುಗಳು ದಿನದ 24 ಗಂಟೆಯೂ ಸಮನಾಗಿ ಓಡುವುದಾದರೆ ಅವುಗಳ ಬೇಡಿಕೆ ಸುಮಾರು 160 ಕಿಲೋವಾಟ್. ಮಧ್ಯಾಹ್ನ ಸೌರಸ್ಥಾವರ ಅದರ ನಾಲ್ಕೈದು ಪಟ್ಟು ಉತ್ಪಾದಿಸುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಸೊನ್ನೆ. ಬಿಸಿಲಿರುವ ಎಂಟೊಂಬತ್ತು ಗಂಟೆಗಳಲ್ಲಿ ಪಂಪುಗಳು ನೇರವಾಗಿ ಹೀರಿಕೊಳ್ಳುವುದು ದಿನದ ಅಗತ್ಯದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಉಳಿದದ್ದು ಜಾಲಕ್ಕೆ ಹೋಗಿ, ರಾತ್ರಿ ಬೇರೆ ಮೂಲದ, ಬಹುಮಟ್ಟಿಗೆ ಕಲ್ಲಿದ್ದಲಿನ, ವಿದ್ಯುತ್ತಾಗಿ ಮರಳಿ ಬರುತ್ತದೆ. ಬ್ಯಾಂಕಿಂಗ್ ಎಂದು ಕರೆಯುವುದು ಈ ಕೊಡುಕೊಳೆಯನ್ನೇ. ಅದು ಲೆಕ್ಕಪತ್ರದ ಸೌಲಭ್ಯವೇ ಹೊರತು ವಿದ್ಯುತ್ತನ್ನು ಕೂಡಿಡುವ ಕಣಜವಲ್ಲ. ಹಗಲಿನ ಸೌರವಿದ್ಯುತ್ತು ಹೆಚ್ಚಿದಷ್ಟೂ ಹಗಲಿನ ಯೂನಿಟ್ಟಿಗೆ ಸಂಜೆಯ ಯೂನಿಟ್ಟನ್ನು ಕೊಡಲು ವಿತರಣಾ ಕಂಪನಿ ಹಿಂಜರಿಯುವುದು ಸಹಜ.

ಇಲ್ಲಿ ನೀರಿಗೊಂದು ವಿಶೇಷ ಗುಣವಿದೆ. ವಿದ್ಯುತ್ತನ್ನು ಕೂಡಿಡುವುದು ದುಬಾರಿಯಾದರೂ ನೀರನ್ನು ಕೂಡಿಡುವುದು ನಮ್ಮ ಊರುಗಳಿಗೆ ಹೊಸದಲ್ಲ. ಮೇಲ್ಮಟ್ಟದ ಜಲಸಂಗ್ರಹಾಗಾರ ದೊಡ್ಡದಾಗಿದ್ದರೆ ಪಂಪುಗಳನ್ನು ಹಗಲಿನಲ್ಲಿಯೇ ಓಡಿಸಿ, ರಾತ್ರಿ ಮತ್ತು ಮುಂಜಾನೆಗೆ ತೊಟ್ಟಿಯಿಂದ ನೀರು ಬಿಡಬಹುದು. ಆದರೆ ಇದು ಪುಕ್ಕಟೆಯಾಗಿ ಬರುವಂಥದ್ದಲ್ಲ. ಇಡೀ ದಿನದ ನೀರನ್ನು ಆರು ಗಂಟೆಗಳಲ್ಲಿ ಎತ್ತಬೇಕಾದರೆ 160ರ ಬದಲು ಸುಮಾರು 650 ಕಿಲೋವಾಟಿನ ಪಂಪುಗಳು ಬೇಕು. ಹರಿವು ನಾಲ್ಕು ಪಟ್ಟಾದಾಗ ಹಳೆಯ ಕೊಳವೆಯಲ್ಲಿಯೇ ಘರ್ಷಣೆ ಸುಮಾರು ಹದಿನಾರು ಪಟ್ಟಾಗುವುದರಿಂದ ಕೊಳವೆಯನ್ನೂ ದೊಡ್ಡದಾಗಿಸಬೇಕು. ಹೀಗಾಗಿ ಆರು ಗಂಟೆಗೆ ಇಳಿಸುವ ಬದಲು ಹತ್ತು ಗಂಟೆಗೆ ಇಳಿಸುವ ಮಧ್ಯಮ ಮಾರ್ಗವೇ ಹಲವೆಡೆ ಲಾಭಕರವಾದೀತು. ಹೊಸ ನೀರಿನ ಯೋಜನೆಯ ನಕ್ಷೆ ಸಿದ್ಧವಾಗುವ ಹಂತದಲ್ಲಿಯೇ ಈ ಲೆಕ್ಕ ಹಾಕುವುದು ಲೇಸು. ತೊಟ್ಟಿ ಮತ್ತು ಕೊಳವೆಗಳು ನೆಲದಲ್ಲಿ ಕೂತ ಮೇಲೆ ಅವುಗಳನ್ನು ಬದಲಿಸುವುದು ಕಷ್ಟ.

ಬೀದಿದೀಪದ ಸ್ವಭಾವ ಇದಕ್ಕೆ ತದ್ವಿರುದ್ಧ. ಸೂರ್ಯ ಮುಳುಗಿದಾಗಲೇ ಅದರ ಕೆಲಸ ಆರಂಭ; ವರ್ಷಕ್ಕೆ ಸುಮಾರು 4,200 ಗಂಟೆ ಅದು ಉರಿಯುತ್ತದೆ. ಸೌರಸ್ಥಾವರದ ಹೆಸರಿನಲ್ಲಿ ಬೀದಿದೀಪ ಉರಿಯುತ್ತದೆಂದರೆ ಅದು ಬ್ಯಾಟರಿಯಿಂದ ಅಥವಾ ಬ್ಯಾಂಕಿಂಗ್ ಲೆಕ್ಕದಿಂದ. ಇಲ್ಲಿ ಮೊದಲ ಉಪಾಯ ಖರೀದಿಯಲ್ಲ, ಮಿತವ್ಯಯ. ಅದೇ ಪಟ್ಟಣದಲ್ಲಿ 2,000 ದೀಪಗಳಿದ್ದು, ಪ್ರತಿಯೊಂದೂ 170 ವ್ಯಾಟ್ ಹೀರುವ ಸೋಡಿಯಂ ದೀಪವಾಗಿದ್ದರೆ ವರ್ಷಕ್ಕೆ 14 ಲಕ್ಷ ಯೂನಿಟ್ ಬೇಕು. 70 ವ್ಯಾಟಿನ ಎಲ್‌ಇಡಿ ದೀಪಗಳಾದರೆ ಆರು ಲಕ್ಷಕ್ಕೂ ಕಡಿಮೆ. ಉಳಿದ ಅಗತ್ಯಕ್ಕೆ ರಾತ್ರಿಯೂ ಬೀಸುವ ಗಾಳಿ, ಕಿರು ಜಲವಿದ್ಯುತ್ತು ಅಥವಾ ಬ್ಯಾಟರಿ ಸಹಿತವಾದ ಸೌರವಿದ್ಯುತ್ತು ಹೊಂದುತ್ತದೆ. ಕರ್ನಾಟಕದಲ್ಲಿ ಗಾಳಿಯ ಉತ್ಪಾದನೆ ಮುಂಗಾರಿನ ತಿಂಗಳುಗಳಲ್ಲಿ ಏರುತ್ತದೆ. ಮೋಡದಿಂದಾಗಿ ಸೌರಉತ್ಪಾದನೆ ಇಳಿಯುವುದೂ ಆಗಲೇ. ಆದ್ದರಿಂದ ಈ ಎರಡನ್ನೂ ಒಂದೇ ಒಪ್ಪಂದದಲ್ಲಿ ಜೋಡಿಸುವುದು ಪ್ರಯೋಜನಕಾರಿ.

ವಾರ್ಷಿಕ ಲೆಕ್ಕವನ್ನು ಬಿಟ್ಟು ಗಂಟೆಯ ಲೆಕ್ಕವನ್ನು ಗುರಿಯಾಗಿಸಿಕೊಂಡ ನಗರಗಳೂ ಇವೆ. ಅಮೆರಿಕದ ಐಯೊವ ರಾಜ್ಯದ ಡಿ ಮೊಯಿನ್ ನಗರಸಭೆಯು 2021ರ ಜನವರಿಯಲ್ಲಿ, 2035ರ ವೇಳೆಗೆ ದಿನದ ಎಲ್ಲ ಗಂಟೆಗಳಲ್ಲಿಯೂ ಇಂಗಾಲರಹಿತ ವಿದ್ಯುತ್ತು ಎಂಬ ನಿರ್ಣಯವನ್ನು ಅಂಗೀಕರಿಸಿತು. ನಮ್ಮ ಪುರಸಭೆಗಳು ಅಂಥ ಗುರಿಯನ್ನು ಈಗಲೇ ಸಾರಬೇಕೆಂದಿಲ್ಲ. ಆದರೆ ಗಂಟೆವಾರು ಅಂಕಿಗಳನ್ನು ದಾಖಲಿಸುವ ಮೀಟರುಗಳನ್ನು ಹಾಕಿಸಿಕೊಳ್ಳಲು ಅಡ್ಡಿಯಿಲ್ಲ.

ನಿಯಮಗಳ ಅಸ್ಥಿರತೆ ಮತ್ತು ಒಪ್ಪಂದ

ಸೌರವಿದ್ಯುತ್ತಿನ ಒಪ್ಪಂದಗಳ ಅವಧಿ ಸಾಮಾನ್ಯವಾಗಿ 25 ವರ್ಷ. ಚುನಾಯಿತ ಮಂಡಳಿಯ ಅವಧಿ ಐದು ವರ್ಷ. ನಿಯಮಗಳ ಆಯುಷ್ಯವಾದರೋ ಅದಕ್ಕಿಂತಲೂ ಕಡಿಮೆಯಾಗಬಹುದು. 2022ರ ಜೂನ್ 6ರಂದು ಕೇಂದ್ರ ಸರ್ಕಾರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳನ್ನು ಹೊರಡಿಸಿ, ಮುಕ್ತ ಪ್ರವೇಶಕ್ಕಿದ್ದ ಮಿತಿಯನ್ನು ಒಂದು ಮೆಗಾವಾಟಿನಿಂದ 100 ಕಿಲೋವಾಟಿಗೆ ಇಳಿಸಿತು. ಒಂದೇ ವಿದ್ಯುತ್ ವಿಭಾಗದಲ್ಲಿರುವ ಹಲವು ಸ್ಥಾವರಗಳನ್ನು ಕೂಡಿಸಿ ಈ ಮಿತಿಯನ್ನು ಮುಟ್ಟಲು 2023ರ ತಿದ್ದುಪಡಿ ಅವಕಾಶ ನೀಡಿತು. ಚಿಕ್ಕ ಚಿಕ್ಕ ಪಂಪುಗಳು ಚದುರಿರುವ ಪುರಸಭೆಗಳಿಗೆ ಇದು ಅತ್ಯಂತ ಅನುಕೂಲಕರವಾದ ತಿದ್ದುಪಡಿ. ಆದರೆ 2024ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು, ಮುಕ್ತ ಪ್ರವೇಶವನ್ನು ನಿಯಂತ್ರಿಸುವ ಅಧಿಕಾರ ರಾಜ್ಯ ಆಯೋಗಕ್ಕೆ ಸೇರಿದ್ದೆಂಬ ನೆಲೆಯಲ್ಲಿ, ಈ ಕೇಂದ್ರ ನಿಯಮಗಳನ್ನೂ ಅವುಗಳನ್ನು ಅನುಸರಿಸಿ ರಾಜ್ಯ ಆಯೋಗ ರಚಿಸಿದ್ದ ನಿಯಮಾವಳಿಯನ್ನೂ ರದ್ದುಪಡಿಸಿತು. ತೀರ್ಪಿನ ಸರಿತಪ್ಪು ಇಲ್ಲಿ ಪ್ರಸ್ತುತವಲ್ಲ. ಎರಡೂವರೆ ವರ್ಷಗಳಲ್ಲಿ ಹೀಗೆ ತಳಪಾಯವೇ ಬದಲಾಗಬಹುದಾದ ಕ್ಷೇತ್ರದಲ್ಲಿ 25 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕುವ ಸಂಸ್ಥೆ ಎಷ್ಟು ಎಚ್ಚರ ವಹಿಸಬೇಕೆಂಬುದೇ ಪ್ರಸ್ತುತ.

ಆದಕಾರಣ ಒಪ್ಪಂದದಲ್ಲಿ ಕೆಲವು ಅಂಶಗಳು ಸ್ಪಷ್ಟವಾಗಿರಬೇಕು. ಶುಲ್ಕ ಅಥವಾ ಮೇಲ್ತೆರಿಗೆ ಏರಿದರೆ ಹೊರೆ ಯಾರದು? ಜಾಲದ ಅಡಚಣೆಯಿಂದ ಉತ್ಪಾದನೆ ಕಡಿತಗೊಂಡರೆ ಹಣ ಕೊಡಬೇಕೇ, ಬೇಡವೇ? ಪ್ರಮಾಣಪತ್ರದ ಹಕ್ಕು ಕೊಂಡವನದೋ, ಉತ್ಪಾದಕನದೋ? ಉತ್ಪಾದಕನು ಪ್ರಮಾಣಪತ್ರವನ್ನು ಬೇರೆಡೆ ಮಾರಿದರೆ ಪುರಸಭೆಯು ತನ್ನ ವಿದ್ಯುತ್ತನ್ನು ಹಸಿರೆಂದು ಹೇಳಿಕೊಳ್ಳುವುದು ಒಂದೇ ವಸ್ತುವನ್ನು ಎರಡು ಸಲ ಎಣಿಸಿದಂತೆ. ಟೆಂಡರಿನ ಕ್ರಮಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಆದರೆ ಅತಿ ಕಡಿಮೆ ದರವನ್ನು ಆರಿಸುವಾಗ ಹಗಲಿನ ಯೂನಿಟ್ಟನ್ನೂ ಸಂಜೆಯ ಯೂನಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗದಂತೆ ಟೆಂಡರಿನ ಷರತ್ತುಗಳನ್ನು ರೂಪಿಸುವ ಹೊಣೆ ಸಂಸ್ಥೆಯದೇ.

ಸಣ್ಣ ಪುರಸಭೆಯೊಂದು ಒಂಟಿಯಾಗಿ ಇವೆಲ್ಲವನ್ನೂ ನಿಭಾಯಿಸುವುದು ಕಷ್ಟಸಾಧ್ಯ. ಹಲವು ಸಂಸ್ಥೆಗಳು ಬೇಡಿಕೆಯನ್ನು ಒಟ್ಟುಗೂಡಿಸಿ, ಒಂದೇ ನಮೂನೆಯ ಒಪ್ಪಂದದಡಿ ಹರಾಜು ನಡೆಸಿದರೆ ದರದಲ್ಲಿಯೂ ಕಾನೂನು ವೆಚ್ಚದಲ್ಲಿಯೂ ಉಳಿತಾಯವಾಗುತ್ತದೆ. ಒಡೆತನ ಮತ್ತು ಬಳಕೆಯ ಪ್ರಮಾಣಗಳನ್ನು ಕಾಯ್ದುಕೊಂಡು ಹಲವು ಬಳಕೆದಾರರು ಸೇರಿ ಸ್ವಬಳಕೆಯ ಸ್ಥಾವರ ಹೊಂದಲು ಕಾನೂನಿನಲ್ಲಿ ಅವಕಾಶವಿದೆ.

ಉಪಸಂಹಾರ

ಇಲ್ಲಿಯವರೆಗಿನ ವಿವೇಚನೆಯಿಂದ ಒಂದು ಕ್ರಮ ಹೊಮ್ಮುತ್ತದೆ. ಮೊದಲು ಪ್ರತಿ ಪಂಪು ಮತ್ತು ದೀಪದ ಸಾಲಿನ ಗಂಟೆವಾರು ಬಳಕೆಯನ್ನು ಅಳೆಯುವುದು. ಎರಡನೆಯದಾಗಿ ದಕ್ಷ ಪಂಪು ಹಾಗೂ ಎಲ್‌ಇಡಿಗಳಿಂದ ಬೇಡಿಕೆಯನ್ನು ತಗ್ಗಿಸುವುದು. ಮೂರನೆಯದಾಗಿ ನೀರೆತ್ತುವ ಕೆಲಸವನ್ನು ಸಾಧ್ಯವಿದ್ದಷ್ಟು ಹಗಲಿಗೆ ಸರಿಸುವುದು. ನಾಲ್ಕನೆಯದಾಗಿ ಹಳೆಯ ಬಾಕಿಯನ್ನು ಇತ್ಯರ್ಥಪಡಿಸಿ ಸಾಲಯೋಗ್ಯತೆಯನ್ನು ಗಳಿಸುವುದು. ಇವೆಲ್ಲದರ ಅನಂತರವೇ ಉಳಿದ ಬೇಡಿಕೆಗೆ ಸೌರ, ಗಾಳಿ, ಜಲಮೂಲಗಳನ್ನು ಹೊಂದಿಸಿ ಕೊಳ್ಳುವುದು. ಈ ಕ್ರಮವನ್ನು ತಿರುಗುಮುರುಗು ಮಾಡಿದಾಗ ಫಲಕಗಳು ನಿಲ್ಲುತ್ತವೆ, ಬಿಲ್ಲು ಇಳಿಯುವುದಿಲ್ಲ.

ಪುರಸಭೆಯು ದೊಡ್ಡ ಬಂಡವಾಳಗಾರನಲ್ಲ. ಅದರ ಬಲವಿರುವುದು ಬೇರೆಡೆ. ನಾಳೆ ಎಷ್ಟು ನೀರು ಎತ್ತಬೇಕು, ಎಷ್ಟು ಗಂಟೆಗೆ ದೀಪ ಹಚ್ಚಬೇಕು ಎಂಬುದು ಅದಕ್ಕೆ ಇಂದೇ ಗೊತ್ತು; ಇಷ್ಟು ನಿಶ್ಚಿತವಾದ ಬೇಡಿಕೆ ಇತರ ಗ್ರಾಹಕರಲ್ಲಿ ಅಪರೂಪ. ಆ ನಿಶ್ಚಿತತೆಯನ್ನು ಅಂಕಿಗಳ ರೂಪದಲ್ಲಿ ಮುಂದಿಟ್ಟು ಚೌಕಾಶಿಗೆ ಕೂರುವ ಸಂಸ್ಥೆಗೆ ಉತ್ತಮ ದರ ದೊರೆಯುವ ಸಂಭವ ಹೆಚ್ಚು. ಇದಕ್ಕೆ ಬೇಕಾದ ಮೀಟರಿನ ದಾಖಲೆಗಳನ್ನು ಸಿದ್ಧಪಡಿಸುವ ಕೆಲಸ ಯಾವ ಕಾನೂನಿನ ತಿದ್ದುಪಡಿಗೂ ಕಾಯಬೇಕಾಗಿಲ್ಲ.